ಬಾಡಿಗೆಯೋ ಬಡ್ಡಿಯೋ? ರೀಟುಗಳ ಚರಿತ್ರೆಯಿಂದ ಕೆಲವು ಪುಟಗಳು

ಬಾಡಿಗೆ ಎಂದರೇನೆಂದು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಚಾಳಿನ ಖೋಲಿಗೆ ಪಗಡಿ ಕೊಟ್ಟು, ತಲೆಮಾರುಗಟ್ಟಲೆ ಅದೇ ಹಳೆಯ ಬಾಡಿಗೆಯಲ್ಲಿ ಬಾಳಿದ ಕುಟುಂಬಗಳು ನಮ್ಮಲ್ಲಿವೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತಲೇ ಪಾತ್ರೆಪಡಗ ಕಟ್ಟಿಕೊಂಡು ಡೊಂಬಿವಲಿ, ವಿರಾರುಗಳ ಕಡೆಗೆ ಸರಿದವರೂ ಇದ್ದಾರೆ. ಬಾಡಿಗೆ ತೆತ್ತವರು ನಾವು, ಎಣಿಸಿಕೊಂಡವರು ಬೇರೆ. ನಾರೀಮನ್ ಪಾಯಿಂಟಿನ ಎತ್ತರದ ಕಟ್ಟಡಗಳ ಬುಡದಲ್ಲಿ ಬಸ್ಸಿಗಾಗಿ ಕಾದು ನಿಂತ ಗುಮಾಸ್ತನಿಗೆ, ಈ ಕಟ್ಟಡದ ಬಾಡಿಗೆಯಲ್ಲಿ ನಾಲ್ಕು ಕಾಸು ತನಗೂ ಸಂದೀತೆಂಬ ಕಲ್ಪನೆ ಬರುವಂತಿರಲಿಲ್ಲ. 2019ರಿಂದೀಚೆಗೆ ಅದೂ ಸಾಧ್ಯವಾಗಿದೆ. ಅದನ್ನು ಸಾಧ್ಯ ಮಾಡಿದ ಏರ್ಪಾಟಿಗೆ ರಿಯಲ್ ಎಸ್ಟೇಟ್ ಇನ್‌ವೆಸ್ಟ್‌ಮೆಂಟ್ ಟ್ರಸ್ಟ್ ಎಂದು ಹೆಸರು. ಹೆಸರು ಉದ್ದವಾದ್ದರಿಂದ ಎಲ್ಲರೂ ರೀಟ್ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ವ್ಯವಸ್ಥೆ ಸರಳವಾದದ್ದೇ. ಸಾವಿರಾರು ಜನ ಸಣ್ಣ ಸಣ್ಣ ಮೊತ್ತ ಹಾಕಿ ಯೂನಿಟ್ ಎಂಬ ಪಾಲುಗಳನ್ನು ಕೊಳ್ಳುತ್ತಾರೆ. ಕೂಡಿದ ಹಣದಿಂದ ಒಂದು ಟ್ರಸ್ಟು ಕಚೇರಿ ಕಟ್ಟಡ, ಮಾಲು, ಉಗ್ರಾಣ, ಆಸ್ಪತ್ರೆ ಮೊದಲಾದುವನ್ನು ಹೊಂದಿ ಬಾಡಿಗೆಗೆ ಕೊಡುತ್ತದೆ. ಬಂದ ಬಾಡಿಗೆಯಲ್ಲಿ ಖರ್ಚು ಕಳೆದು ಉಳಿದದ್ದರ ಬಹುಪಾಲನ್ನು, ಹೆಚ್ಚಿನ ದೇಶಗಳಲ್ಲಿ ಶೇ. 90ನ್ನು, ಯೂನಿಟ್‌ದಾರರಿಗೆ ಹಂಚಲೇಬೇಕು. ಹಾಗೆ ಹಂಚಿದರೆ ಟ್ರಸ್ಟಿಗೆ ಕಂಪನಿಯ ಮೇಲಿನ ತೆರಿಗೆ ಇಲ್ಲ. ಯೂನಿಟ್ಟುಗಳನ್ನು ಷೇರುಪೇಟೆಯಲ್ಲಿ ಬೇಕೆಂದಾಗ ಮಾರಬಹುದು. ಸ್ಥಾವರವನ್ನು ಜಂಗಮ ಮಾಡುವ ಉಪಾಯ ಇದು ಎಂದರೂ ಸಲ್ಲುತ್ತದೆ.

ಇದರಲ್ಲೇ ಎರಡು ಬಗೆ. ಒಂದು ಸಾಮಾನ್ಯ ರೀಟು; ಇನ್ನೊಂದು ಇಸ್ಲಾಮೀ ರೀಟು, ಎಂದರೆ ಷರೀಅತ್ತಿನ ಕಟ್ಟಳೆಗೆ ಒಳಪಟ್ಟದ್ದು. ಮೇಲ್ನೋಟಕ್ಕೆ ಎರಡನೆಯದು ಮೊದಲನೆಯದಕ್ಕೆ ಹಚ್ಚಿದ ಹಸಿರು ಬಣ್ಣವೆಂದು ತೋರೀತು. ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಹಾಗಲ್ಲವೆಂದು ತಿಳಿಯುತ್ತದೆ. ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಬರುವ ಹಣ ಬಾಡಿಗೆಯೋ, ಬಡ್ಡಿಯೋ?

ಈ ಎರಡರ ನಡುವಣ ಗೋಡೆ ಎಷ್ಟು ತೆಳುವೆಂಬುದನ್ನು ನಮ್ಮ ಊರಿನ ಭೋಗ್ಯದ ಪದ್ಧತಿಯೇ ತೋರಿಸುತ್ತದೆ. ಬೆಂಗಳೂರಿನಲ್ಲಿ ಇಂದಿಗೂ ನಡೆಯುವ ಭೋಗ್ಯದಲ್ಲಿ ಬಾಡಿಗೆದಾರನು ಒಂದು ಇಡಿಗಂಟನ್ನು ಮನೆಯ ಒಡೆಯನಿಗೆ ಕೊಟ್ಟು, ಎರಡು ಮೂರು ವರ್ಷ ತಿಂಗಳ ಬಾಡಿಗೆಯಿಲ್ಲದೆ ವಾಸಿಸುತ್ತಾನೆ. ಬಿಡುವಾಗ ಗಂಟು ಹಾಗೆಯೇ ವಾಪಸು. ಒಡೆಯ ಬಡ್ಡಿ ಕೊಡಲಿಲ್ಲ, ವಾಸಿಸಿದವ ಬಾಡಿಗೆ ಕೊಡಲಿಲ್ಲ. ಒಂದಕ್ಕೊಂದು ವಜಾ ಆಯಿತು. ಲೆಕ್ಕ ಬಲ್ಲವನಿಗೆ ಎರಡೂ ಒಂದೇ. ಆದರೆ ಕಾನೂನಿಗೂ ಧರ್ಮಕ್ಕೂ ಅವು ಒಂದಲ್ಲ, ಮತ್ತು ಕಷ್ಟಕಾಲ ಬಂದಾಗ ಹಣ ಹಾಕಿದವನಿಗೂ ಒಂದಲ್ಲ. ಈ ಕೊನೆಯ ಮಾತನ್ನು ಕಲಿಸಿದ್ದು ಅಮೆರಿಕದ ಚರಿತ್ರೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುವುದು ಯುಕ್ತ.

ಹತ್ತೊಂಬತ್ತನೆಯ ಶತಮಾನದ ಬಾಸ್ಟನ್ ನಗರದಲ್ಲಿ ಹಣವಿತ್ತು. ಆದರೆ ಮ್ಯಾಸಚೂಸೆಟ್ಸ್ ರಾಜ್ಯದ ಕಾಯದೆಯ ಪ್ರಕಾರ ಕಂಪನಿಗಳು ತಮ್ಮ ಸ್ವಂತ ವ್ಯವಹಾರಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಸ್ಥಿರಾಸ್ತಿಯನ್ನು ಹೊಂದುವಂತಿರಲಿಲ್ಲ. ಕಂಪನಿಗಳು ನೆಲವನ್ನೆಲ್ಲ ನುಂಗಿಯಾವೆಂಬ ಭಯ ಆಗಿನ ಶಾಸನಕಾರರಿಗೆ. ಬಾಸ್ಟನ್ನಿನ ವಕೀಲರು ಸುಮ್ಮನೆ ಕೂಡುವವರೇ? ಕಂಪನಿ ಬೇಡವಾದರೆ ಟ್ರಸ್ಟು ಇದೆಯಲ್ಲ ಎಂದರು. ಆಸ್ತಿ ಟ್ರಸ್ಟಿಗಳ ಹೆಸರಿನಲ್ಲಿ, ಫಲ ಪಾಲುದಾರರಿಗೆ. ಪಾಲನ್ನು ಕೈಯಿಂದ ಕೈಗೆ ಮಾರಬಹುದು. ಹೀಗೆ ಹುಟ್ಟಿದ ಮ್ಯಾಸಚೂಸೆಟ್ಸ್ ಟ್ರಸ್ಟುಗಳ ಹಣ ಬಾಸ್ಟನ್ನಿನಲ್ಲಿ ಮಾತ್ರವಲ್ಲ, ಆಗ ಬೆಳೆಯುತ್ತಿದ್ದ ಶಿಕಾಗೊ, ಒಮಾಹ, ಡೆನ್ವರ್ ನಗರಗಳ ಕಟ್ಟಡಗಳಿಗೂ ಹರಿಯಿತು. ಒಂದು ನಿಷೇಧದ ಸಂದಿನಿಂದ ನುಸುಳಿ ಬಂದ ಈ ಏರ್ಪಾಟು ಮುಂದೆ ಇನ್ನೊಂದು ನಿಷೇಧಕ್ಕೂ ಒದಗಿ ಬಂತೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1935ರಲ್ಲಿ ಇದಕ್ಕೆ ಪೆಟ್ಟು ಬಿತ್ತು. ಲಾಸ್ ಏಂಜಲೀಸಿನಲ್ಲಿ ಗಾಲ್ಫ್ ಮೈದಾನ ಮಾಡಿದ್ದ ಒಂದು ಟ್ರಸ್ಟಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಂಪನಿಯಂತೆ ನಡೆಯುವ ಟ್ರಸ್ಟು ಕಂಪನಿಯಂತೆಯೇ ತೆರಿಗೆ ಕೊಡತಕ್ಕದ್ದು ಎಂದಿತು. ಆ ಮೇಲೆ ಒಂದೇ ಬಾಡಿಗೆಯ ಮೇಲೆ ಎರಡು ಸಲ ತೆರಿಗೆ: ಟ್ರಸ್ಟಿನ ಕೈಯಲ್ಲೊಮ್ಮೆ, ಪಾಲುದಾರನ ಕೈಯಲ್ಲಿನ್ನೊಮ್ಮೆ. ಷೇರುಗಳಲ್ಲಿ ಹಣ ಹಾಕುವ ಮ್ಯೂಚುಯಲ್ ಫಂಡುಗಳಿಗೆ ಮರುವರ್ಷವೇ, 1936ರಲ್ಲಿ, ಈ ಇಮ್ಮಡಿ ಹೊರೆಯಿಂದ ಬಿಡುಗಡೆ ಸಿಕ್ಕಿತು. ಕಟ್ಟಡಗಳಲ್ಲಿ ಹಾಕುವವರು ಇನ್ನೂ ಕಾಲು ಶತಮಾನ ಕಾಯಬೇಕಾಯಿತು. 1956ರಲ್ಲಿ ಒಂದು ಮಸೂದೆ ಶಾಸನ ಸಭೆಗಳನ್ನು ದಾಟಿ ಬಂದರೂ ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಲಿಲ್ಲ. ಕೊನೆಗೆ 1960ರ ಸೆಪ್ಟೆಂಬರ್ 14ರಂದು ಅವರೇ ಸಹಿ ಹಾಕಿದರು. ಆದರೆ ರೀಟುಗಳಿಗೆ ಅದರದೇ ಆದ ಕಾಯದೆ ದೊರೆಯಲಿಲ್ಲ. ಸಿಗಾರಿನ ಮೇಲಿನ ಅಬಕಾರಿ ತೆರಿಗೆಗೆ ಸಂಬಂಧಿಸಿದ ಮಸೂದೆಯೊಂದರ ಬಾಲಕ್ಕೆ ಇದನ್ನು ಕಟ್ಟಿ ಪಾಸು ಮಾಡಿಸಿದರು. ಸರ್ಕಾರಿ ಕಡತಗಳ ನಡುವೆ ಕಾಲ ಕಳೆಯುವ ನಮ್ಮಂಥವರಿಗೆ ಇದೇನೂ ಆಶ್ಚರ್ಯವಲ್ಲ. ತುರ್ತಿನ ಕಡತದ ಜತೆಗೆ ಕಟ್ಟಿದ ಕಾಗದವೇ ಬೇಗ ಮೇಲೆ ಹೋಗುವುದು.

ಆ ಕಾಯದೆಯ ಷರತ್ತುಗಳು ಗಮನಾರ್ಹವಾದವು. ಕನಿಷ್ಠ 100 ಮಂದಿ ಪಾಲುದಾರರಿರಬೇಕು. ಐದು ಮಂದಿ ಅಥವಾ ಅದಕ್ಕೂ ಕಡಿಮೆ ಜನ ಸೇರಿ ಅರ್ಧಕ್ಕಿಂತ ಹೆಚ್ಚು ಹಿಡಿದಿರಬಾರದು. ಆದಾಯದ ಶೇ. 90 ಹಂಚಬೇಕು. ದೊಡ್ಡ ಕುಳಗಳು ಸಣ್ಣವರ ಹೆಸರಿನಲ್ಲಿ ತೆರಿಗೆ ತಪ್ಪಿಸಬಾರದೆಂಬುದು ಇದರ ಉದ್ದೇಶ. ಆದರೆ ಕಾಯದೆಯಲ್ಲಿ ಒಂದು ಅಗಲವಾದ ಬಾಗಿಲು ಉಳಿದಿತ್ತು. ಟ್ರಸ್ಟಿನ ಆದಾಯ ಕಟ್ಟಡಗಳ ಬಾಡಿಗೆಯಾಗಿರಬಹುದು, ಇಲ್ಲವೇ ಕಟ್ಟಡಗಳನ್ನು ಅಡವಿಟ್ಟುಕೊಂಡು ಕೊಟ್ಟ ಸಾಲದ ಬಡ್ಡಿಯೂ ಆಗಿರಬಹುದು. ಹೀಗೆ ಹುಟ್ಟುವಾಗಲೇ ರೀಟುಗಳು ಎರಡು ಕವಲಾದವು: ಬಾಡಿಗೆಯ ರೀಟು, ಬಡ್ಡಿಯ ರೀಟು.

ಜನ ಮುಗಿಬಿದ್ದದ್ದು ಬಡ್ಡಿಯ ಕವಲಿಗೆ. ನ್ಯೂಯಾರ್ಕಿನ ಷೇರುಪೇಟೆಯನ್ನು 1965ರಲ್ಲಿ ಮೊದಲು ಏರಿದ ರೀಟು, ಕಾಂಟಿನೆಂಟಲ್ ಮಾರ್ಟ್‌ಗೇಜ್ ಇನ್ವೆಸ್ಟರ್ಸ್, ಸಾಲ ಕೊಡುವಂಥದ್ದೇ. ಕಟ್ಟಡ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆದಾರರ ದೂರು ಕೇಳುತ್ತ ಕೂಡುವುದಕ್ಕಿಂತ, ಕಟ್ಟುವವನಿಗೆ ಸಾಲ ಕೊಟ್ಟು ಬಡ್ಡಿ ಎಣಿಸುವುದು ಸುಲಭವಲ್ಲವೇ? ದೊಡ್ಡ ದೊಡ್ಡ ಬ್ಯಾಂಕುಗಳು ತಮ್ಮ ಹೆಸರಿನಲ್ಲೇ ಇಂಥ ಟ್ರಸ್ಟುಗಳನ್ನು ಹುಟ್ಟುಹಾಕಿದವು. 1968ರಲ್ಲಿ ಸುಮಾರು 100 ಕೋಟಿ ಡಾಲರ್ ಇದ್ದ ರೀಟುಗಳ ಒಟ್ಟು ಆಸ್ತಿ 1970ರ ದಶಕದ ನಡುಭಾಗಕ್ಕೆ ಸುಮಾರು 2,000 ಕೋಟಿ ಡಾಲರಿಗೆ ಏರಿತು. ಇವು ಕೊಡುತ್ತಿದ್ದುದು ಇನ್ನೂ ಕಟ್ಟಿ ಮುಗಿಯದ ಮನೆಗಳಿಗೆ, ಬಾಡಿಗೆದಾರನೇ ಗೊತ್ತಿಲ್ಲದ ಕಚೇರಿಗಳಿಗೆ. ಅದೂ ತಾವು ಅಲ್ಪಾವಧಿಗೆ ಸಾಲ ತಂದ ಹಣದಿಂದ. 1973ರಲ್ಲಿ ಬಡ್ಡಿಯ ದರ ಏರಿತು, ವರ್ಷದ ಕೊನೆಗೆ ಎಣ್ಣೆಯ ಬಿಕ್ಕಟ್ಟು ಬಂತು. ಸಾಮಾನಿನ ಬೆಲೆ ಏರಿ ಕಟ್ಟಡಗಳು ಅರ್ಧಕ್ಕೆ ನಿಂತವು. ಸಾಲಗಾರರು ಕೈಚೆಲ್ಲಿದರು.

ಆ ಹೊತ್ತಿನ ಅಂಕಿಗಳು ಬಾಡಿಗೆಗೂ ಬಡ್ಡಿಗೂ ಇರುವ ಅಂತರವನ್ನು ಸ್ಪಷ್ಟವಾಗಿ ಹೇಳುತ್ತವೆ. 1974ರ ಒಂದೇ ವರ್ಷದಲ್ಲಿ ಬಡ್ಡಿಯ ರೀಟುಗಳಲ್ಲಿ ಹಣ ಹಾಕಿದವರು ಸರಾಸರಿ ಶೇ. 45ರಷ್ಟು ಕಳೆದುಕೊಂಡರು, ಬಾಡಿಗೆಯ ರೀಟುಗಳವರು ಕಳೆದುಕೊಂಡದ್ದು ಶೇ. 21ರಷ್ಟು. ನಷ್ಟ ಎರಡಕ್ಕೂ ಆಯಿತೆಂಬುದು ನಿಜ. ಆದರೆ ಬಾಡಿಗೆಯ ರೀಟಿನ ಕೈಯಲ್ಲಿ ಕಟ್ಟಡ ಉಳಿದಿತ್ತು, ಒಳಗೆ ಬಾಡಿಗೆದಾರನಿದ್ದ. ಬಡ್ಡಿಯ ರೀಟಿನ ಕೈಯಲ್ಲಿ ಉಳಿದದ್ದು ಸಾಲಪತ್ರ, ಅದರಾಚೆಗೆ ಅರ್ಧ ಎದ್ದ ಗೋಡೆ. ಅಮೆರಿಕದ ಅತಿ ದೊಡ್ಡ ಬ್ಯಾಂಕುಗಳಲ್ಲೊಂದಾದ ಚೇಸ್ ಮ್ಯಾನ್‌ಹಟನ್ನಿನ ಹೆಸರು ಹೊತ್ತ ರೀಟು ಕೂಡ 1979ರಲ್ಲಿ ದಿವಾಳಿಗೆ ಅರ್ಜಿ ಹಾಕಿಕೊಂಡಿತು. ರೀಟ್ ಎಂಬ ಹೆಸರಿಗೆ ಅಂಟಿದ ಕಳಂಕ ತೊಳೆಯಲು ಹದಿನೈದು ವರ್ಷಗಳೇ ಹಿಡಿದವೆನ್ನಬಹುದು. 1986ರ ತೆರಿಗೆ ಸುಧಾರಣೆಯ ಕಾಯದೆ ರೀಟುಗಳು ತಮ್ಮ ಕಟ್ಟಡಗಳನ್ನು ತಾವೇ ನಿರ್ವಹಿಸಲು ಅವಕಾಶ ಕೊಟ್ಟಿತು. 1990ರ ದಶಕದಲ್ಲಿ ಮತ್ತೆ ತಲೆಯೆತ್ತಿದವುಗಳಲ್ಲಿ ಬಹುಪಾಲು ಬಾಡಿಗೆಯ ರೀಟುಗಳೇ. ಆಸ್ಟ್ರೇಲಿಯ 1971ರಲ್ಲೇ ಈ ದಾರಿ ಹಿಡಿದಿತ್ತು. ಜಪಾನ್ 2001ರಲ್ಲಿ, ಸಿಂಗಪುರ 2002ರಲ್ಲಿ, ಹಾಂಗ್‌ಕಾಂಗ್ 2005ರಲ್ಲಿ, ಬ್ರಿಟನ್ 2007ರಲ್ಲಿ ಹಿಂಬಾಲಿಸಿದವು.

ಬಡ್ಡಿಯನ್ನು ನಷ್ಟದ ಪಾಠದಿಂದ ದೂರವಿಟ್ಟವರ ಕಥೆ ಇದು. ಬಡ್ಡಿಯನ್ನು ಧರ್ಮದ ಕಾರಣದಿಂದಲೇ ದೂರವಿಟ್ಟವರ ಕಥೆ ಬೇರೆ. ಕುರ್‌ಆನ್ ವ್ಯಾಪಾರವನ್ನು ಅನುಮತಿಸಿ ಬಡ್ಡಿಯನ್ನು, ಅರಬ್ಬಿಯಲ್ಲಿ ರಿಬಾ ಎಂಬುದನ್ನು, ನಿಷೇಧಿಸುತ್ತದೆ. ಆದರೆ ಮನೆ, ಹೊಲ, ಕುದುರೆ ಮೊದಲಾದ ವಸ್ತುವಿನ ಉಪಯೋಗವನ್ನು ಬೆಲೆಗೆ ಕೊಡುವುದು ಅಲ್ಲಿ ಸಮ್ಮತ. ಅದಕ್ಕೆ ಇಜಾರಾ ಎಂದು ಹೆಸರು. ಈ ಪದ ನಮಗೆ ಹೊಸದೂ ಅಲ್ಲ. ಹಳೆಯ ಕಂದಾಯದ ಕಾಗದಗಳಲ್ಲಿ ಕಾಣುವ ಇಜಾರೆ, ಇಜಾರದಾರ ಎಂಬ ಮಾತುಗಳು ಇದರವೇ. ಹಣ ಹಣವನ್ನು ಹುಟ್ಟಿಸಬಾರದು; ವಸ್ತು ಹುಟ್ಟಿಸಬಹುದು, ಏಕೆಂದರೆ ವಸ್ತುವಿನ ಒಡೆಯನು ಅದು ಬೀಳುವ, ಸುಡುವ, ಖಾಲಿ ಉಳಿಯುವ ಅಪಾಯವನ್ನು ಹೊತ್ತಿರುತ್ತಾನೆ. ಇದು ಆ ಶಾಸ್ತ್ರಕಾರರ ನಿಲುವು. 1974ರ ಅಂಕಿಗಳನ್ನು ನೋಡಿದ ಮೇಲೆ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲವೆಂದು ನಮಗನ್ನಿಸುತ್ತದೆ.

ಹಾಗೆಂದು ಇಸ್ಲಾಮೀ ಲೋಕದಲ್ಲಿ ಈ ಗೋಡೆ ಎಂದೂ ಬಿರುಕು ಬಿಡಲಿಲ್ಲವೆಂದಲ್ಲ. ದೇವಸ್ಥಾನದ ನಂದಾದೀವಿಗೆಗೆ ಭೂಮಿ ಬಿಟ್ಟ ಶಾಸನಗಳನ್ನು ಕಂಡ ಕನ್ನಡಿಗರಿಗೆ ವಕ್ಫಿನ ಸ್ವರೂಪ ಬೇಗ ತಿಳಿಯುತ್ತದೆ: ಅಂಗಡಿ, ಛತ್ರ, ತೋಟಗಳನ್ನು ಶಾಶ್ವತವಾಗಿ ಮುಡಿಪಿಟ್ಟು, ಅವುಗಳ ಬಾಡಿಗೆಯಿಂದ ಮಸೀದಿ, ಮದರಸ, ಆಸ್ಪತ್ರೆ ನಡೆಸುವುದು. ಹದಿನಾರನೆಯ ಶತಮಾನದ ಆಟೊಮನ್ ಸಾಮ್ರಾಜ್ಯದಲ್ಲಿ ಕಟ್ಟಡದ ಬದಲು ನಗದನ್ನೇ ವಕ್ಫು ಮಾಡಿ, ಅದನ್ನು ಸಾಲ ಕೊಟ್ಟು ಬಂದ ಹುಟ್ಟುವಳಿಯಿಂದ ಧರ್ಮಕಾರ್ಯ ನಡೆಸುವುದು ಬಳಕೆಗೆ ಬಂತು. ಇದು ಬಡ್ಡಿಯೇ ಸರಿ ಎಂದು ಬಿರ್ಗಿವಿ ಎಂಬ ವಿದ್ವಾಂಸರು ಕಟುವಾಗಿ ಖಂಡಿಸಿದರು. ಸಾಮ್ರಾಜ್ಯದ ಮುಖ್ಯ ಧರ್ಮಾಧಿಕಾರಿ ಎಬುಸ್ಸೂದ್ ಅದನ್ನು ಸಮರ್ಥಿಸಿದರು. ಇದು ನಿಂತರೆ ಎಷ್ಟೋ ಧರ್ಮಸಂಸ್ಥೆಗಳೇ ನಿಂತುಹೋದಾವು, ಜನರಲ್ಲಿ ರೂಢಿಯಾದದ್ದನ್ನು ಕಿತ್ತೆಸೆಯಲಾಗದು ಎಂಬುದು ಅವರ ವಾದದ ತಿರುಳು. ಕಟ್ಟುನಿಟ್ಟು ಮತ್ತು ಅನುಕೂಲಗಳ ಈ ಜಗಳ ಮುಂದೆ ಮಲೇಷಿಯದಲ್ಲಿ ಶೇಕಡಾ ಲೆಕ್ಕವಾಗಿ ಮರುಹುಟ್ಟು ಪಡೆಯಿತು.

ಮಲೇಷಿಯವೇ ಏಕೆ? ಅಲ್ಲಿನ ಹಳ್ಳಿಯ ಮುಸ್ಲಿಮರು ಹಜ್ ಯಾತ್ರೆಗಾಗಿ ಜೀವಮಾನವೆಲ್ಲ ಹಣ ಕೂಡಿಡುತ್ತಿದ್ದರು. ಬ್ಯಾಂಕಿನಲ್ಲಿಟ್ಟರೆ ಬಡ್ಡಿಯ ಸೋಂಕು. ಆದ್ದರಿಂದ ಹಾಸಿಗೆಯ ಕೆಳಗೋ ಮಡಕೆಯೊಳಗೋ. ಸಾಲದ್ದಕ್ಕೆ ಹೊಲ, ದನ ಮಾರಿ ಹೊರಡುತ್ತಿದ್ದರು. ತಿರುಗಿ ಬಂದ ಮೇಲೆ ಬಡತನ. ಅರ್ಥಶಾಸ್ತ್ರಜ್ಞ ಉಂಗ್ಕು ಅಜೀಜ್ 1959ರಲ್ಲಿ ಈ ಬಗ್ಗೆ ಒಂದು ಟಿಪ್ಪಣಿ ಬರೆದು, ಬಡ್ಡಿಯಿಲ್ಲದೆ ಉಳಿತಾಯ ಬೆಳೆಸುವ ಸಂಸ್ಥೆಯೊಂದನ್ನು ಸೂಚಿಸಿದರು. 1963ರಲ್ಲಿ ಕೆಲಸ ತೊಡಗಿದ ಆ ಯಾತ್ರಿಕರ ಉಳಿತಾಯ ಸಂಸ್ಥೆಯೇ ಮುಂದೆ ತಾಬುಂಗ್ ಹಾಜಿ ಎಂದು ಪ್ರಸಿದ್ಧವಾಯಿತು. ಜಮೀನು, ತೋಟ, ಕಟ್ಟಡಗಳಲ್ಲಿ ಸಣ್ಣವರ ಹಣ ತೊಡಗಿಸಿ, ಬಡ್ಡಿಯ ಬದಲು ಲಾಭದ ಪಾಲು ಹಂಚಬಹುದೆಂದು ಅದು ತೋರಿಸಿಕೊಟ್ಟಿತು. 1983ರಲ್ಲಿ ಅಲ್ಲಿ ಇಸ್ಲಾಮೀ ಬ್ಯಾಂಕು ತೆರೆಯಿತು. 1989ರಲ್ಲಿ ಕ್ವಾಲಾಲಂಪುರದ ಷೇರುಪೇಟೆಗೆ ಮೊದಲ ಆಸ್ತಿ ಟ್ರಸ್ಟು ಬಂತು. ಅದು ಸಾಮಾನ್ಯ ಬಗೆಯದು. ಎರಡೂ ಎಳೆಗಳನ್ನು ಹೆಣೆದದ್ದು ಅಲ್ಲಿನ ಸೆಕ್ಯೂರಿಟೀಸ್ ಕಮಿಷನ್ 2005ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ. ಇಸ್ಲಾಮೀ ರೀಟುಗಳಿಗೆಂದೇ ಬರೆದ ನಿಯಮಗಳು ಜಗತ್ತಿನಲ್ಲಿ ಅವೇ ಮೊದಲು.

ಆ ನಿಯಮಗಳನ್ನು ಓದಿದರೆ, ಬಾಡಿಗೆ ಸಮ್ಮತವಾದರೂ ಅಲ್ಲಿಗೇ ಪ್ರಶ್ನೆ ಮುಗಿಯಲಿಲ್ಲವೆಂದು ಗೊತ್ತಾಗುತ್ತದೆ. ಬಾಡಿಗೆದಾರ ಯಾರು? ಅವನು ಕೊಡುವ ಹಣ ಎಲ್ಲಿಂದ ಬಂದದ್ದು? ಬಡ್ಡಿಯ ಬ್ಯಾಂಕು, ಸಾಮಾನ್ಯ ವಿಮೆ, ಜೂಜು, ಮದ್ಯ ಹಂದಿಮಾಂಸ ಮೊದಲಾದ ನಿಷಿದ್ಧ ಪದಾರ್ಥ, ತಂಬಾಕು, ಸಮ್ಮತವಲ್ಲದ ಮನೋರಂಜನೆ, ಹೋಟೆಲು ರಿಸಾರ್ಟು, ಇವೆಲ್ಲ 2005ರ ನಿಷಿದ್ಧ ಪಟ್ಟಿಯಲ್ಲಿದ್ದವು. (ಸಿಗಾರಿನ ಕಾಯದೆಯ ಬಾಲ ಹಿಡಿದು ಹುಟ್ಟಿದ ರೀಟು ಕೊನೆಗೆ ಸಿಗಾರನ್ನೇ ಹೊರಗಟ್ಟಿತೆಂಬುದು ವಿನೋದ.) ಆದರೆ ದೊಡ್ಡ ಮಾಲಿನಲ್ಲಿ ಒಂದು ಬ್ಯಾಂಕಿನ ಶಾಖೆಯೂ ಇಲ್ಲದಿರುವುದುಂಟೇ? ಅದಕ್ಕಾಗಿ ಕಮಿಷನ್ನು ಒಂದು ಗಡಿ ಹಾಕಿತು: ನಿಷಿದ್ಧ ಚಟುವಟಿಕೆಗಳಿಂದ ಬರುವ ಬಾಡಿಗೆ ಒಟ್ಟು ಬಾಡಿಗೆಯ ಶೇ. 20ನ್ನು ಮೀರಬಾರದು. ಬಾಡಿಗೆದಾರರೆಲ್ಲರೂ ನಿಷಿದ್ಧ ವ್ಯವಹಾರದವರೇ ಆಗಿರುವ ಕಟ್ಟಡವನ್ನು ಮಾತ್ರ ಗಡಿಯೊಳಗಿದ್ದರೂ ಹೊಂದಕೂಡದು. ಪೂರ್ತಿ ನಿಷಿದ್ಧ ವ್ಯವಹಾರದ ಹೊಸ ಬಾಡಿಗೆದಾರನನ್ನೂ ಸೇರಿಸಿಕೊಳ್ಳಕೂಡದು.

ಮಿಶ್ರ ಬಾಡಿಗೆದಾರನ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಒಂದು ಕಿರಾಣಿ ಸೂಪರ್ ಮಾರ್ಕೆಟ್ಟು 10,000 ಚದರಡಿ ಹಿಡಿದಿದೆ, ಅದರಲ್ಲಿ 1,000 ಚದರಡಿಯಲ್ಲಿ ಮದ್ಯದ ಕಪಾಟುಗಳಿವೆ ಎಂದುಕೊಳ್ಳಿ. ಆಗ ಅದು ಕೊಡುವ ಬಾಡಿಗೆಯಲ್ಲಿ ಹತ್ತನೆಯ ಒಂದು ಪಾಲು ನಿಷಿದ್ಧದ ಲೆಕ್ಕಕ್ಕೆ. ಧರ್ಮಶಾಸ್ತ್ರವನ್ನು ಅಳತೆಯ ಟೇಪು ಹಿಡಿದು ನಿರ್ಣಯಿಸುವ ಈ ರೀತಿಯನ್ನು ಕಂಡು ಕೆಲವರು ನಕ್ಕಾರು. ವಿಜ್ಞಾನ ಓದಿದ ನಮಗೆ ಇದರಲ್ಲಿ ನಗುವಂಥದೇನೂ ಕಾಣದು. ಅಳೆಯಲಾಗದ ನಿಯಮಕ್ಕಿಂತ ಅಳೆಯಬಹುದಾದ ನಿಯಮ ಮೇಲು; ತಪ್ಪಿದರೆ ಹಿಡಿಯಲಿಕ್ಕಾದರೂ ಆಗುತ್ತದೆ.

ಬಾಡಿಗೆದಾರನಲ್ಲದೆ ಇನ್ನೂ ಮೂರು ಕಡೆ ಕಟ್ಟುಪಾಡು. ಸಾಲ ಬೇಕಾದರೆ ಬಡ್ಡಿಯದಲ್ಲ, ಇಸ್ಲಾಮೀ ವಿಧಾನದ್ದೇ ಆಗಬೇಕು. ಕೈಯಲ್ಲಿರುವ ನಗದನ್ನು ಬಡ್ಡಿಯ ಠೇವಣಿಯಲ್ಲಿ ಇಡಬಾರದು. ಕಟ್ಟಡದ ವಿಮೆ ತಕಾಫುಲ್ ಎಂಬ ಪರಸ್ಪರ ನೆರವಿನ ನಿಧಿಯಿಂದ ಆಗಬೇಕು. ಇವೆಲ್ಲ ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಲು ಷರೀಅತ್ ಬಲ್ಲ ಸಲಹೆಗಾರರಿರಬೇಕು. ಇಷ್ಟೂ ಆಗಿ, ಸಾಮಾನ್ಯ ರೀಟಿನ ಟ್ರಸ್ಟಿ, ಮೌಲ್ಯಮಾಪಕ, ಲೆಕ್ಕಪರಿಶೋಧಕ, ಷೇರುಪೇಟೆ, ಯಾವುದರಿಂದಲೂ ವಿನಾಯಿತಿ ಇಲ್ಲ.

ಮೊದಲು ಹುಟ್ಟಿದ್ದು ಅಲ್ ಅಖಾರ್, 2006ರ ಆಗಸ್ಟಿನಲ್ಲಿ. ಅರಬ್ಬಿಯಲ್ಲಿ ಅದರ ಅರ್ಥವೇ ಸ್ಥಿರಾಸ್ತಿ. ಜೋಹೋರ್ ರಾಜ್ಯದ ಸಂಸ್ಥೆಯೊಂದಕ್ಕೆ ಸೇರಿದ ಕೆಪಿಜೆ ಆಸ್ಪತ್ರೆಗಳ ಕಟ್ಟಡಗಳನ್ನು ಅದು ಕೊಂಡು, ಅವರಿಗೇ ಬಾಡಿಗೆಗೆ ಕೊಟ್ಟಿತು. ಆಸ್ಪತ್ರೆಯನ್ನು ಆರಿಸಿದ್ದು ಜಾಣತನ. ಅಲ್ಲಿ ಬಾರು, ಜೂಜುಕಟ್ಟೆಗಳ ಗೊಡವೆಯಿಲ್ಲ. ಮರುವರ್ಷ ತಾಳೆಎಣ್ಣೆಯ ತೋಟಗಳ ರೀಟೊಂದು ಬಂತು. ಪೆಟ್ರೋನಾಸಿನ ಜೋಡಿ ಗೋಪುರಗಳೂ 2013ರಲ್ಲಿ ಇಸ್ಲಾಮೀ ರೀಟಿನ ಕೆಳಗೆ ಬಂದವು.

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಬೆಳಕು ಚೆಲ್ಲುವುದು ಇನ್ನೆರಡು ರೀಟುಗಳ ಕಥೆ. ಮಲೇಷಿಯದ ಆಕ್ಸಿಸ್ ರೀಟು 2005ರಲ್ಲಿ ಸಾಮಾನ್ಯ ರೀಟಾಗಿ ಪೇಟೆಗೆ ಬಂದದ್ದು. ಅದು ಸಾಲಗಳನ್ನು ಬದಲಿಸಿ, ವಿಮೆ ಬದಲಿಸಿ, ಬಾಡಿಗೆದಾರರ ಪಟ್ಟಿಯನ್ನು ಸೋಸಿ, 2008ರ ಡಿಸೆಂಬರಿನಲ್ಲಿ ಇಸ್ಲಾಮೀ ರೀಟಾಗಿ ಪರಿವರ್ತನೆ ಹೊಂದಿತು. ಸಿಂಗಪುರದ ಸಬಾನಾ ರೀಟು ಇದರ ವಿಲೋಮ. 2010ರ ನವೆಂಬರಿನಲ್ಲಿ ಷರೀಅತ್ ಸಮ್ಮತವೆಂದು ಹೊರಟ ಅದು, ಕೊಲ್ಲಿಯ ಹೂಡಿಕೆದಾರರ ಮನಸ್ಸಿಗೆ ಒಪ್ಪುವಂತೆ, ಮಲೇಷಿಯದ ಶೇ. 20ರ ಬದಲು ಶೇ. 5ರ ಗಡಿ ಹಾಕಿಕೊಂಡಿತು. ಆ ಐದರೊಳಗಿನ ನಿಷಿದ್ಧ ಆದಾಯವನ್ನೂ ದಾನಕ್ಕೆ ಕೊಟ್ಟು ಶುದ್ಧಿ ಮಾಡಿಕೊಳ್ಳುತ್ತಿತ್ತು. 2021ರ ಅಕ್ಟೋಬರಿನಲ್ಲಿ ಅದು ಷರೀಅತ್ತಿನ ಹಣೆಪಟ್ಟಿಯನ್ನೇ ಕಳಚಿ ಸಾಮಾನ್ಯ ರೀಟಾಯಿತು. ಹಣೆಪಟ್ಟಿ ಕಳಚಿದ್ದರಿಂದ ಉಗ್ರಾಣದ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಹಾಗಾದರೆ ಬದಲಾದದ್ದೇನು? ಯಾರಿಗೆ ಬಾಡಿಗೆಗೆ ಕೊಡಬಹುದು, ಯಾರಿಂದ ಸಾಲ ತರಬಹುದು ಎಂಬುದಷ್ಟೇ. ಇಸ್ಲಾಮೀ ರೀಟು ಮತ್ತು ಸಾಮಾನ್ಯ ರೀಟುಗಳ ವ್ಯತ್ಯಾಸ ಇರುವುದು ಕಟ್ಟಡದಲ್ಲಲ್ಲ, ಅದರ ಇಕ್ಕೆಲಗಳಲ್ಲಿ.

ಸಾಲದ ವಿಷಯದಲ್ಲಿ ನಮ್ಮ ಒಂದು ಶಂಕೆಯನ್ನೂ ಹೇಳಿಬಿಡುವುದು ಒಳ್ಳೆಯದು. ಇಸ್ಲಾಮೀ ರೀಟುಗಳು ಸಾಲವನ್ನೇ ಮಾಡುವುದಿಲ್ಲವೆಂದಲ್ಲ. ಕೊಂಡು ಮಾರುವ ಲಾಭದ ರೂಪದಲ್ಲಿ, ಇಲ್ಲವೇ ಸುಕೂಕ್ ಎಂಬ ಪತ್ರಗಳ ಮೂಲಕ ಹಣ ಎತ್ತುತ್ತವೆ. ದುಬೈಯ ಎಮಿರೇಟ್ಸ್ ರೀಟು 2017ರಲ್ಲಿ ಎತ್ತಿದ ಸುಕೂಕ್ 40 ಕೋಟಿ ಡಾಲರಿನದು. ವಾಯಿದೆಯ ದಿನ ಬಂದಾಗ ಹಣ ಹೊಂದಿಸುವ ಚಿಂತೆ ಬಾಂಡಿಗೂ ಒಂದೇ, ಸುಕೂಕಿಗೂ ಒಂದೇ. ಎಬುಸ್ಸೂದರ ಪಕ್ಷ ಇಲ್ಲಿ ಗೆದ್ದಂತೆ ಕಾಣುತ್ತದೆ. ಸೌದಿ ಅರೇಬಿಯ 2016ರಲ್ಲಿ ರೀಟುಗಳಿಗೆ ಬಾಗಿಲು ತೆರೆಯಿತು. ನೆರೆಯ ಪಾಕಿಸ್ತಾನದ ಕರಾಚಿಯಲ್ಲಿ 2015ರಲ್ಲೇ ಡಾಲ್ಮೆನ್ ಸಿಟಿ ರೀಟು ಷರೀಅತ್ ಸಮ್ಮತವಾಗಿ ಪೇಟೆಗೆ ಬಂದಿತ್ತು.

ಎಂದರೆ ನಮಗಿಂತ ನಾಲ್ಕು ವರ್ಷ ಮೊದಲು. ನಮ್ಮಲ್ಲಿ ಸೆಬಿ 2008ರಲ್ಲೇ ಕರಡು ಬರೆದಿತ್ತು. ನಿಯಮಗಳು ಹೊರಬಿದ್ದದ್ದು 2014ರ ಸೆಪ್ಟೆಂಬರಿನಲ್ಲಿ. ಆದರೂ ಒಂದು ರೀಟೂ ಬರಲಿಲ್ಲ, ಏಕೆಂದರೆ 1935ರ ಅಮೆರಿಕದಂತೆ ಇಲ್ಲಿಯೂ ತೆರಿಗೆಯ ತೊಡಕು. 2016ರ ಬಜೆಟ್ಟಿನಲ್ಲಿ ಅದು ಸಡಿಲವಾದ ಮೇಲೆ, 2019ರ ಏಪ್ರಿಲ್ 1ರಂದು ಎಂಬೆಸಿ ಆಫೀಸ್ ಪಾರ್ಕ್ಸ್ ರೀಟು ಪೇಟೆಗೆ ಬಂತು. ಎತ್ತಿದ ಹಣ 4,750 ಕೋಟಿ ರೂಪಾಯಿ, ಯೂನಿಟ್ಟಿನ ಬೆಲೆ 300. ಬೆಂಗಳೂರಿನ ನಾಗವಾರದ ಮಾನ್ಯತಾ ಪಾರ್ಕು ಅದರ ಮುಖ್ಯ ಆಸ್ತಿ. ನಮ್ಮ ನಾರೀಮನ್ ಪಾಯಿಂಟಿನ ಎಕ್ಸ್‌ಪ್ರೆಸ್ ಟವರ್ಸೂ ಅದರಲ್ಲಿದೆ. ಆಸ್ತಿಯ ಮೌಲ್ಯದಲ್ಲಿ ಶೇ. 80 ಕಟ್ಟಿ ಮುಗಿದು ಬಾಡಿಗೆ ತರುತ್ತಿರುವ ಕಟ್ಟಡಗಳೇ ಆಗಿರಬೇಕೆಂದು ಸೆಬಿ ಗೆರೆ ಎಳೆದಿದೆ. ಅರ್ಧ ಎದ್ದ ಗೋಡೆಗಳ ಅಮೆರಿಕದ ಪಾಠವನ್ನು ಇದರ ಹಿಂದೆ ಕಾಣಬಹುದು. ಆರಂಭದಲ್ಲಿ ಕನಿಷ್ಠ 2 ಲಕ್ಷ ರೂಪಾಯಿ ಹಾಕಬೇಕೆಂದಿದ್ದುದು 2019ರಲ್ಲಿ 50 ಸಾವಿರಕ್ಕೆ, 2021ರಲ್ಲಿ 10ರಿಂದ 15 ಸಾವಿರಕ್ಕೆ ಇಳಿಯಿತು. ಪೇಟೆಯಲ್ಲಿ ಒಂದೇ ಯೂನಿಟ್ಟನ್ನೂ ಕೊಳ್ಳಬಹುದು. ಮೈಂಡ್‌ಸ್ಪೇಸ್ 2020ರಲ್ಲಿ, ಬ್ರೂಕ್‌ಫೀಲ್ಡ್ 2021ರಲ್ಲಿ, ಮಾಲುಗಳ ನೆಕ್ಸಸ್ 2023ರಲ್ಲಿ, ನಾಲೆಜ್ ರಿಯಾಲ್ಟಿ 2025ರ ಆಗಸ್ಟಿನಲ್ಲಿ ಬಂದವು.

ಎಂಬೆಸಿಯ ಯೂನಿಟ್ಟುಗಳು ಪೇಟೆಗೆ ಬಂದ ಎರಡೇ ತಿಂಗಳಲ್ಲಿ, ಅದೇ ಬೆಂಗಳೂರಿನಲ್ಲಿ, ಇನ್ನೊಂದು ಸಂಗತಿ ನಡೆಯಿತು. ಬಡ್ಡಿಯಲ್ಲ, ಧರ್ಮಸಮ್ಮತ ಲಾಭದ ಪಾಲು ಎಂದು ಹೇಳಿ ಜನರಿಂದ ಹಣ ಎತ್ತಿದ್ದ ಐಎಂಎ ಎಂಬ ಸಂಸ್ಥೆ 2019ರ ಜೂನಿನಲ್ಲಿ ಕುಸಿಯಿತು. ಶಿವಾಜಿನಗರದ ಅದರ ಕಚೇರಿಯ ಮುಂದೆ ದೂರು ಬರೆಸಲು ನಿಂತ ಹತ್ತಾರು ಸಾವಿರ ಜನರಲ್ಲಿ ಹೆಚ್ಚಿನವರು ಸಾಧಾರಣ ಮುಸ್ಲಿಂ ಕುಟುಂಬಗಳವರು. ಮಗಳ ಮದುವೆಯ ಹಣ, ನಿವೃತ್ತಿಯ ಹಣ ಇಟ್ಟವರು. ಇಂಥ ಮೋಸ ಯಾವ ಒಂದು ಮತದ ಸೊತ್ತೂ ಅಲ್ಲ. ದೇವರ ಹೆಸರಿಲ್ಲದೆಯೂ ಚೀಟಿ, ಠೇವಣಿಗಳಲ್ಲಿ ಎಲ್ಲ ಜಾತಿಯವರೂ ಮುಳುಗಿದ್ದಾರೆ. ಆದರೆ ಮಲೇಷಿಯದ ಹಳ್ಳಿಗನ ಅಳುಕು ಬೆಂಗಳೂರಿನ ಮುಸ್ಲಿಮನಲ್ಲೂ ಇತ್ತು. ಒಬ್ಬನಿಗೆ 1963ರಲ್ಲಿ ಸರ್ಕಾರದ ಕಾಯದೆಯ ಕೆಳಗಿನ ಸಂಸ್ಥೆ ಸಿಕ್ಕಿತು, 2006ರಲ್ಲಿ ಟ್ರಸ್ಟಿ, ಮೌಲ್ಯಮಾಪಕರ ಕಣ್ಗಾವಲಿನ ಆಸ್ಪತ್ರೆ ಕಟ್ಟಡ ಸಿಕ್ಕಿತು. ಇನ್ನೊಬ್ಬನಿಗೆ ಸಿಕ್ಕಿದ್ದು ಬರಿಯ ಮಾತು. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗಿನ ವಿಚಾರ 2008ರ ರಘುರಾಮ್ ರಾಜನ್ ಸಮಿತಿಯ ವರದಿಯಲ್ಲಿ ಬಂದಿತ್ತು. ಅದನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿ ತಿಳಿಸಿತು.

ಹಾಗಾದರೆ ಬಡ್ಡಿ ಬೇಡವೆನ್ನುವವನು ಇಲ್ಲಿನ ರೀಟಿನ ಯೂನಿಟ್ಟು ಕೊಂಡರೆ ಆಯಿತಲ್ಲ, ಬರುವುದು ಬಾಡಿಗೆಯೇ ತಾನೇ ಎಂದು ಕೇಳಬಹುದು. ಇಲ್ಲಿ ಕಥೆ ಇನ್ನೊಮ್ಮೆ ತಿರುಗುತ್ತದೆ. ನಮ್ಮ ರೀಟುಗಳಲ್ಲಿ ಕಟ್ಟಡಗಳು ಸಾಮಾನ್ಯವಾಗಿ ನೇರವಾಗಿ ಟ್ರಸ್ಟಿನ ಹೆಸರಿನಲ್ಲಿರುವುದಿಲ್ಲ. ಒಂದೊಂದು ಆಸ್ತಿಗೆ ಒಂದೊಂದು ಕಂಪನಿ ಇರುತ್ತದೆ, ಆ ಕಂಪನಿಯ ಒಡೆತನ ಟ್ರಸ್ಟಿನದು. ಟ್ರಸ್ಟು ಆ ಕಂಪನಿಗಳಿಗೆ ಸಾಲ ಕೊಡುತ್ತದೆ. ಬಾಡಿಗೆ ಬಂದು ಬೀಳುವುದು ಕಂಪನಿಗೆ. ಕಂಪನಿ ಅದರಿಂದ ಟ್ರಸ್ಟಿನ ಸಾಲಕ್ಕೆ ಬಡ್ಡಿ ಕಟ್ಟುತ್ತದೆ, ಏಕೆಂದರೆ ಕೊಟ್ಟ ಬಡ್ಡಿಯನ್ನು ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯಬಹುದು. ಆದ್ದರಿಂದ ಯೂನಿಟ್‌ದಾರನ ಬ್ಯಾಂಕ್ ಖಾತೆಗೆ ಹಣ ಜಮೆಯಾದಾಗ ಜತೆಗೆ ಬರುವ ಚೀಟಿಯಲ್ಲಿ ಮೊತ್ತವನ್ನು ಬಿಡಿಸಿ ಬರೆದಿರುತ್ತಾರೆ: ಡಿವಿಡೆಂಡ್ ಇಷ್ಟು, ಸಾಲದ ಮರುಪಾವತಿ ಇಷ್ಟು, ಬಡ್ಡಿ ಇಷ್ಟು. ಮಾನ್ಯತಾ ಪಾರ್ಕಿನ ಕಚೇರಿಯೊಂದು ಕೊಟ್ಟ ಬಾಡಿಗೆ, ನಡುವೆ ಎರಡು ಕೈ ಬದಲಾಯಿಸಿ, ಹೂಡಿಕೆದಾರನ ಮನೆ ಸೇರುವಾಗ ಬಡ್ಡಿ ಎಂಬ ಹೆಸರು ಹೊತ್ತಿರುತ್ತದೆ, ಮತ್ತು ಆ ಹೆಸರಿನ ಮೇಲೆಯೇ ಶೇ. 10ರ ತೆರಿಗೆ ಮುಂಗಡವಾಗಿ ಕಳೆದಿರುತ್ತದೆ.